ಓದಿದ್ದು ಉಳಿಯುವ ಬಗೆ: ಅಂಗನವಾಡಿಯಿಂದ ಅರವತ್ತರಾಚೆಗೆ

ಕಲಿಕೆಯ ಕುರಿತು ಮನೋವಿಜ್ಞಾನಿಗಳು ಕಳೆದ ಅರ್ಧ ಶತಮಾನದಲ್ಲಿ ನಡೆಸಿದ ಪ್ರಯೋಗಗಳಲ್ಲಿ ಪದೇ ಪದೇ ಎದುರಾಗುವ ಸಂಗತಿಯೊಂದಿದೆ. ಕಲಿಯುವ ಹೊತ್ತಿನಲ್ಲಿ ಸಲೀಸೆನಿಸುವ ವಿಧಾನಗಳು ಕಲಿತದ್ದನ್ನು ಬಹುಕಾಲ ಉಳಿಸುವುದಿಲ್ಲ. ತಡವರಿಸಿ, ತಪ್ಪು ಮಾಡಿ, ತಿದ್ದಿಕೊಂಡು ನಿಧಾನವಾಗಿ ಸಾಗಿದ ಅಭ್ಯಾಸವೇ ವಾರ, ತಿಂಗಳು, ವರ್ಷ ಕಳೆದ ಮೇಲೂ ನೆರವಿಗೆ ಬರುತ್ತದೆ. ಹೀಗಾಗಿ ವಿದ್ಯಾರ್ಥಿಯಾಗಲಿ, ಶಿಕ್ಷಕರಾಗಲಿ, ಪೋಷಕರಾಗಲಿ ‘ಈಗ ಚೆನ್ನಾಗಿ ಬರುತ್ತಿದೆ’ ಎಂಬ ಅನಿಸಿಕೆಯನ್ನೇ ಕಲಿಕೆಯ ಅಳತೆಗೋಲಾಗಿ ಹಿಡಿದರೆ ಮೋಸಹೋಗುವ ಸಂಭವವೇ ಹೆಚ್ಚು. ಮೂರು ವರ್ಷದ ಮಗುವಿನಿಂದ ಎಪ್ಪತ್ತರ ಅಜ್ಜಿಯವರೆಗೆ ಈ ಮಾತು ಬಹುಮಟ್ಟಿಗೆ ಸಲ್ಲುತ್ತದೆ. ವಯಸ್ಸಿನೊಂದಿಗೆ ಬದಲಾಗುವುದು ಮುಖ್ಯವಾಗಿ ಅಭ್ಯಾಸದ ಲಗಾಮು ಯಾರ ಕೈಯಲ್ಲಿರಬೇಕು ಎಂಬುದು.

ಬೆಂಗಳೂರಿನ ಪಶ್ಚಿಮದ ಅಂಚಿನಲ್ಲಿರುವ ಕೆಂಗೇರಿ ಈ ವಿಚಾರವನ್ನು ಪರಿಶೀಲಿಸಲು ತಕ್ಕ ಜಾಗ. ಹಳೆಯ ಊರಿನ ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳು, ಉಪನಗರದ ಇಂಗ್ಲಿಷ್ ಮಾಧ್ಯಮ ಶಾಲೆಗಳು, ಸಂಜೆಯ ಟ್ಯೂಷನ್ ಕೋಣೆಗಳು, ಮೈಸೂರು ರಸ್ತೆಯ ಉದ್ದಕ್ಕೂ ಹಬ್ಬಿದ ಎಂಜಿನಿಯರಿಂಗ್ ಕಾಲೇಜುಗಳು, ಗಾರ್ಮೆಂಟ್ಸ್ ಕೆಲಸಕ್ಕೆಂದು ಬಂದು ನೆಲೆಸಿದ ಕುಟುಂಬಗಳು, ನಿವೃತ್ತಿಯ ನಂತರ ಇಲ್ಲಿ ಮನೆ ಕಟ್ಟಿಕೊಂಡ ಹಿರಿಯರು, ಇವೆಲ್ಲವೂ ಕೆಲವೇ ಕಿಲೋಮೀಟರುಗಳ ಒಳಗಿವೆ. ಶಿಕ್ಷಣವನ್ನೇ ಕಸುಬಾಗಿಸಿಕೊಂಡ ಸಂಸ್ಥೆಗಳೂ ನೆರೆಯಲ್ಲಿವೆ: ಜ್ಞಾನಭಾರತಿಯಲ್ಲಿ ಬೆಂಗಳೂರು ವಿಶ್ವವಿದ್ಯಾಲಯವೂ 1963ರಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯೂ ಇದ್ದರೆ, ನಾಗರಬಾವಿಯಲ್ಲಿ ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಇದೆ. ಆದರೂ ಸಂಶೋಧನೆ ಹೇಳುವ ಮಾತು ಮತ್ತು ಮನೆಯ ಓದುಮೇಜಿನ ಮೇಲೆ ನಡೆಯುವ ಕೆಲಸ ಇವೆರಡರ ನಡುವಿನ ದೂರ ಮೆಟ್ರೊ ಬಂದ ಮೇಲೂ ಕಡಿಮೆಯಾದಂತೆ ಕಾಣುವುದಿಲ್ಲ.

ಪುಸ್ತಕ ಮುಚ್ಚಿದ ಮೇಲಿನ ಓದು

2006ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಚಿಕ್ಕದೊಂದು ಗದ್ಯಭಾಗವನ್ನು ಕೊಡಲಾಯಿತು. ಒಂದು ಗುಂಪು ಅದನ್ನು ನಾಲ್ಕು ಅವಧಿಗಳಲ್ಲೂ ಓದಿತು. ಇನ್ನೊಂದು ಗುಂಪು ಮೊದಲ ಅವಧಿಯಲ್ಲಿ ಮಾತ್ರ ಓದಿ, ಉಳಿದ ಮೂರರಲ್ಲಿ ಹಾಳೆಯನ್ನು ನೋಡದೆ ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷಗಳ ನಂತರದ ಪರೀಕ್ಷೆಯಲ್ಲಿ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಲೆಕ್ಕ ತಿರುವುಮುರುವಾಯಿತು: ನಾಲ್ಕು ಸಲ ಓದಿದವರ ನೆನಪಿನಲ್ಲಿ ಸುಮಾರು ಶೇ 40ರಷ್ಟು ಅಂಶಗಳು ಉಳಿದಿದ್ದರೆ, ನೆನಪಿನಿಂದ ಬರೆದವರಲ್ಲಿ ಶೇ 61ರಷ್ಟು ಉಳಿದಿದ್ದವು. ಇನ್ನೂ ಗಮನಿಸಬೇಕಾದದ್ದೆಂದರೆ, ತಮಗೆ ಚೆನ್ನಾಗಿ ನೆನಪಿರುತ್ತದೆ ಎಂಬ ವಿಶ್ವಾಸ ಹೆಚ್ಚಾಗಿದ್ದುದು ಬರೀ ಓದಿದವರಲ್ಲಿ. ಹೀಗೆ ಕಲಿತದ್ದನ್ನು ಪುಸ್ತಕದ ನೆರವಿಲ್ಲದೆ ಮನಸ್ಸಿನಿಂದ ಹೊರತೆಗೆಯುವ ಕೆಲಸಕ್ಕೆ ಸ್ಮರಣಾಭ್ಯಾಸ ಎನ್ನಬಹುದು. ಅದು ಕಲಿತದ್ದನ್ನು ಅಳೆಯುವುದಷ್ಟೇ ಅಲ್ಲ, ಗಟ್ಟಿಗೊಳಿಸುತ್ತದೆ ಕೂಡ.

ಇದನ್ನು ಮನೆಯಲ್ಲಿ ಅಳವಡಿಸಲು ಹೆಚ್ಚಿನ ಸಾಮಗ್ರಿ ಬೇಡ. ಪಾಠವನ್ನು ಒಮ್ಮೆ ಗಮನವಿಟ್ಟು ಓದಿ, ಪುಸ್ತಕ ಮುಚ್ಚಿ, ಹಾಳೆಯ ಮೇಲೆ ನೆನಪಿಗೆ ಬಂದದ್ದನ್ನೆಲ್ಲ ಬರೆದು, ಆ ಮೇಲೆ ಪುಸ್ತಕ ತೆರೆದು ಬಿಟ್ಟುಹೋದದ್ದನ್ನೂ ತಪ್ಪಾದದ್ದನ್ನೂ ಬೇರೆ ಬಣ್ಣದ ಪೆನ್ನಿನಲ್ಲಿ ಸೇರಿಸಿದರೆ ಸಾಕು. ಕೊನೆಯ ಹೆಜ್ಜೆಯನ್ನು ಬಿಡಬಾರದು, ಏಕೆಂದರೆ ತಿದ್ದಿಕೊಳ್ಳದೆ ಉಳಿದ ತಪ್ಪೂ ಸರಿಯಾದದ್ದರಂತೆಯೇ ಬೇರೂರುತ್ತದೆ. ಕನ್ನಡ ಶಾಲೆಗಳ ಹಳೆಯ ಉಕ್ತಲೇಖನ ಈ ತತ್ತ್ವಕ್ಕೆ ಹತ್ತಿರದ್ದೇ. ಅದನ್ನು ಅಂಕ ಹಾಕಿ ಬದಿಗಿಡದೆ ಆ ಕೂಡಲೇ ತಿದ್ದಿಸಿದಾಗ ಮಾತ್ರ ಅದರ ಫಲ ಪೂರ್ತಿ ಸಿಗುತ್ತದೆ. ಮಗ್ಗಿಯ ವಿಷಯವೂ ಹಾಗೆಯೇ. ‘ಏಳೊಂದ್ಲಿ ಏಳು’ ಎಂದು ಆರಂಭಿಸಿ ರಾಗದ ಓಘದಲ್ಲಿ ಎಪ್ಪತ್ತರವರೆಗೆ ಹೋಗುವ ಮಗುವಿಗೆ ಏಳೆಂಟಲ ಎಷ್ಟೆಂದು ನಡುವಿನಿಂದ ಕೇಳಿದಾಗ ಮತ್ತೆ ಮೊದಲಿನಿಂದ ಹೇಳಿಕೊಂಡು ಬರಬೇಕಾದರೆ, ಅದಕ್ಕೆ ರಾಗ ಬಂದಿದೆ, ಗುಣಾಕಾರ ಇನ್ನೂ ಬಂದಿಲ್ಲ. ಸಾಲಾಗಿ ಹೇಳಿಸಿದ ಮೇಲೆ ಅಡ್ಡಾದಿಡ್ಡಿಯಾಗಿ ಕೇಳುವ ಐದು ನಿಮಿಷ ಆ ಅಂತರವನ್ನು ತುಂಬುತ್ತದೆ.

ಎರಡನೆಯ ತತ್ತ್ವ ಅಂತರದ ಅಭ್ಯಾಸ, ಅಂದರೆ ಒಂದೇ ವಿಷಯವನ್ನು ಒಂದೇ ಸಲ ಕೂತು ಮುಗಿಸದೆ ದಿನಗಳ ಅಂತರದಲ್ಲಿ ಮತ್ತೆ ಮತ್ತೆ ಅದಕ್ಕೆ ಮರಳುವುದು. ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ 1885ರಷ್ಟು ಹಿಂದೆಯೇ ತನ್ನ ಮೇಲೆಯೇ ಪ್ರಯೋಗ ನಡೆಸಿ ಮರೆವಿನ ವೇಗವನ್ನು ಅಳೆದಿದ್ದ. ಅಂತರ ಎಷ್ಟಿರಬೇಕೆಂಬುದಕ್ಕೆ 2008ರಲ್ಲಿ ನಿಕೊಲಸ್ ಸೆಪೇಡಾ ಮತ್ತು ಸಂಗಡಿಗರು 1,350ಕ್ಕೂ ಹೆಚ್ಚು ಜನರನ್ನು ಒಳಗೊಂಡ ಅಧ್ಯಯನದಿಂದ ಸ್ಥೂಲವಾದ ಉತ್ತರ ಕೊಟ್ಟರು: ಒಂದು ವಾರದ ನಂತರ ಬೇಕಾಗುವುದನ್ನು ಒಂದೆರಡು ದಿನ ಬಿಟ್ಟು, ಒಂದು ವರ್ಷದ ನಂತರ ಬೇಕಾಗುವುದನ್ನು ಮೂರರಿಂದ ಐದು ವಾರ ಬಿಟ್ಟು ಮರುಕಳಿಸುವುದು ಹೆಚ್ಚು ಫಲಕಾರಿ. ಜೂನ್‌ನಲ್ಲಿ ಮುಗಿದ ಪಾಠದ ಎರಡು ಪ್ರಶ್ನೆಗಳನ್ನು ಜುಲೈ ಮತ್ತು ಆಗಸ್ಟ್‌ನ ಮನೆಗೆಲಸದಲ್ಲಿ ಸೇರಿಸುವುದು ಶಿಕ್ಷಕರಿಗೆ ಕಷ್ಟದ ಕೆಲಸವಲ್ಲ. ಶಾಲೆಗಳಲ್ಲಿ ನಡೆಯುವ ರೂಪಣಾತ್ಮಕ ಮೌಲ್ಯಮಾಪನಗಳು, ಅಂದರೆ ಕಲಿಕೆ ನಡೆಯುತ್ತಿರುವಾಗಲೇ ಮಾಡುವ ‘ಎಫ್‌ಎ’ಗಳು, ಆಯಾ ಅವಧಿಯ ಪಾಠಕ್ಕೆ ಮಾತ್ರ ಸೀಮಿತವಾಗದೆ ಹಿಂದಿನ ಪಾಠಗಳನ್ನೂ ಮುಟ್ಟಿದರೆ ಈ ಲಾಭ ತಾನಾಗಿ ಬರುತ್ತದೆ.

ಅಮೆರಿಕದ ಜಾನ್ ಡನ್‌ಲಾಸ್ಕಿ ಮತ್ತು ಸಹೋದ್ಯೋಗಿಗಳು 2013ರಲ್ಲಿ ಹತ್ತು ಬಗೆಯ ಓದುವ ವಿಧಾನಗಳನ್ನು ತೂಗಿ ನೋಡಿದಾಗ ಮೇಲಿನ ದರ್ಜೆ ಸಿಕ್ಕಿದ್ದು ಈ ಎರಡಕ್ಕೆ ಮಾತ್ರ. ಮರಳಿ ಮರಳಿ ಓದುವುದು ಮತ್ತು ಸಾಲುಗಳಿಗೆ ಬಣ್ಣ ಬಳಿಯುವುದು ಕೆಳದರ್ಜೆಗೆ ಇಳಿದವು. ಮನೆಯಲ್ಲಿರುವ ಹಳದಿ ಹೈಲೈಟರುಗಳಿಂದ ಕೇಡೇನಿಲ್ಲ, ಆದರೆ ಅವು ಓದಿನ ಬದಲಿಗೆ ಬರಲಾರವು. ಮಕ್ಕಳನ್ನು ‘ನೋಡಿ ಕಲಿಯುವವರು’, ‘ಕೇಳಿ ಕಲಿಯುವವರು’ ಎಂದು ವಿಂಗಡಿಸಿ ಅದಕ್ಕೆ ತಕ್ಕಂತೆ ಪಾಠ ಹೇಳಬೇಕೆಂಬ ಮಾತೂ ಶಾಲಾ ಜಾಹೀರಾತುಗಳಲ್ಲಿ ಕೇಳಿಬರುತ್ತದೆ; 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಇತರರು ನಡೆಸಿದ ಪರಿಶೀಲನೆಯಲ್ಲಿ ಇದಕ್ಕೆ ತಕ್ಕ ಪುರಾವೆ ಸಿಗಲಿಲ್ಲ. ಅದಕ್ಕೆಂದು ಹೆಚ್ಚು ಶುಲ್ಕ ಕೊಡುವ ಮುನ್ನ ಪೋಷಕರು ಎರಡು ಸಲ ಯೋಚಿಸುವುದು ಒಳ್ಳೆಯದು.

ಅಕ್ಷರಕ್ಕೆ ಮೊದಲು ಮಾತು, ಮಾತಿನ ಜೊತೆಗೆ ಅಕ್ಷರ

ಚಿಕ್ಕ ಮಕ್ಕಳ ವಿಷಯದಲ್ಲಿ ಲಗಾಮು ಪೂರ್ತಿಯಾಗಿ ದೊಡ್ಡವರ ಕೈಯಲ್ಲಿರುತ್ತದೆ, ಮತ್ತು ಅಲ್ಲಿ ಮೊದಲ ಪಠ್ಯ ಮಾತೇ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಅಂದಿನಿಂದ ಅಂಗನವಾಡಿಯೆಂದರೆ ಮೊಟ್ಟೆ, ಪೌಷ್ಟಿಕ ಆಹಾರ, ಚುಚ್ಚುಮದ್ದು ಎಂದು ಜನ ಗುರುತಿಸುತ್ತಾರೆ. ಶಾಲಾಪೂರ್ವ ಶಿಕ್ಷಣವೂ ಅದರ ಆರು ಸೇವೆಗಳಲ್ಲಿ ಒಂದೆಂಬುದು ಹಲವರ ಗಮನಕ್ಕೆ ಬಂದಿಲ್ಲ. ಈ ವಯಸ್ಸಿನ ಶಿಕ್ಷಣದ ಬೆಲೆಯನ್ನು ತೋರಿಸಿದ ಹೆಸರಾಂತ ಅಧ್ಯಯನ ಅಮೆರಿಕದ ಮಿಷಿಗನ್ ರಾಜ್ಯದ ಇಪ್ಸಿಲ್ಯಾಂಟಿಯಲ್ಲಿ 1962ರಲ್ಲಿ ಆರಂಭವಾದದ್ದು: ಬಡ ಕುಟುಂಬಗಳ 123 ಮಕ್ಕಳಲ್ಲಿ ಒಂದು ಭಾಗಕ್ಕೆ ಉತ್ತಮ ಶಾಲಾಪೂರ್ವ ಶಿಕ್ಷಣ ಕೊಟ್ಟು, ಉಳಿದವರೊಂದಿಗೆ ಹೋಲಿಸುತ್ತ ನಲವತ್ತನೆಯ ವಯಸ್ಸಿನವರೆಗೂ ಹಿಂಬಾಲಿಸಿ ನೋಡಿದಾಗ, ಮೊದಲ ಗುಂಪಿನವರು ಶಾಲೆ ಮುಗಿಸಿದ ಪ್ರಮಾಣದಲ್ಲೂ ಗಳಿಕೆಯಲ್ಲೂ ಮುಂದಿದ್ದರು.

ಮನೆಯಲ್ಲಿ ಮಾಡಬಹುದಾದದ್ದು ಸರಳ. 1988ರಲ್ಲಿ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು ಪರೀಕ್ಷಿಸಿದ ‘ಸಂವಾದದ ಓದು’ ಎಂಬ ವಿಧಾನದಲ್ಲಿ ದೊಡ್ಡವರು ಕಥೆಯನ್ನು ಓದಿ ಮುಗಿಸುವುದಿಲ್ಲ; ಮಗುವಿನಿಂದ ಹೇಳಿಸುತ್ತಾರೆ. ಚಿತ್ರವನ್ನು ತೋರಿಸಿ ‘ಇದೇನು?’ ಎಂದು ಕೇಳುವುದಕ್ಕಿಂತ ‘ಇಲ್ಲೇನಾಗ್ತಿದೆ? ಆಮೇಲೆ ಏನಾಯ್ತು?’ ಎಂದು ಕೇಳಿ, ಮಗು ಹೇಳಿದ ಎರಡು ಪದಕ್ಕೆ ಇನ್ನೆರಡನ್ನು ಸೇರಿಸಿ ಮರಳಿಸುವುದೇ ಅದರ ತಿರುಳು. ಓದಲು ಬಾರದ ಅಜ್ಜಿಯೂ ಇದನ್ನು ಮಾಡಬಲ್ಲರು. ಭಾನುವಾರ ರಾಮೋಹಳ್ಳಿಯ ದೊಡ್ಡ ಆಲದ ಮರದ ಕಡೆಗೆ ಹೋಗಿ ಬಂದ ಕುಟುಂಬ, ಆ ಮರದ ಮೂಲ ಕಾಂಡವೇ ಇಲ್ಲದೆ ಬಿಳಲುಗಳ ಮೇಲೆ ಮೂರು ಎಕರೆಯಷ್ಟು ಹರಡಿ ನಿಂತಿರುವುದು ಹೇಗೆ ಎಂದು ರಾತ್ರಿ ಊಟದ ಹೊತ್ತಿನಲ್ಲಿ ಮಗುವಿನಿಂದಲೇ ಹೇಳಿಸಿದರೆ, ಅದರಲ್ಲಿ ಪದಸಂಪತ್ತೂ ಇದೆ, ಸ್ಮರಣಾಭ್ಯಾಸವೂ ಇದೆ.

ಓದುಬರಹದ ಆರಂಭಕ್ಕೆ ಬಂದಾಗ ಇಂಗ್ಲಿಷಿನ ಕುರಿತಾದ ಸಂಶೋಧನೆಯನ್ನು ಕನ್ನಡಕ್ಕೆ ಹಾಗೆಯೇ ಅನ್ವಯಿಸಲಾಗದು. ಬೆಂಗಳೂರಿನ ಪ್ರಾಮಿಸ್ ಫೌಂಡೇಷನ್ನಿನ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಕನ್ನಡ ಓದಲು ಕಲಿಯುವ ಮಕ್ಕಳನ್ನೇ ಕುರಿತದ್ದು. ಅದರ ಪ್ರಕಾರ, ಇಂಗ್ಲಿಷಿನ 26 ಅಕ್ಷರಗಳನ್ನು ಗುರುತಿಸುವುದು ಶಾಲೆಯ ಮೊದಲ ವರ್ಷಗಳಲ್ಲೇ ಮುಗಿದುಹೋದರೆ, ಕನ್ನಡದ ಅಕ್ಷರಜ್ಞಾನ ಪ್ರಾಥಮಿಕ ಶಾಲೆಯ ಹಲವು ವರ್ಷಗಳವರೆಗೆ ಬೆಳೆಯುತ್ತಲೇ ಇರುತ್ತದೆ. ಮಕ್ಕಳಿಗೆ ಪದವನ್ನು ಅಕ್ಷರಗಳಾಗಿ ಬಿಡಿಸುವುದು ಬೇಗ ಒಲಿಯುತ್ತದೆ, ಒಂದೊಂದು ಅಕ್ಷರದೊಳಗಿನ ವ್ಯಂಜನ ಮತ್ತು ಸ್ವರವನ್ನು ಬೇರ್ಪಡಿಸಿ ಕೇಳಿಸಿಕೊಳ್ಳುವುದು ತಡವಾಗಿ ಬರುತ್ತದೆ. ಕಾರಣವನ್ನು ಊಹಿಸುವುದು ಕಷ್ಟವಲ್ಲ. ವರ್ಣಮಾಲೆಯಲ್ಲಿ ಐವತ್ತರ ಆಸುಪಾಸಿನ ಅಕ್ಷರಗಳಿದ್ದರೂ ಕಾಗುಣಿತ ಮತ್ತು ಒತ್ತಕ್ಷರ ಸೇರಿದಾಗ ಮಗು ಗುರುತಿಸಬೇಕಾದ ರೂಪಗಳು ನೂರಾರಾಗುತ್ತವೆ. ತ, ನ, ಮ, ಯ, ರ, ಲ ಇವುಗಳ ಒತ್ತುಗಳು ಮೂಲ ಅಕ್ಷರವನ್ನು ಹೋಲುವುದೇ ಇಲ್ಲ. ‘ಸೂರ್ಯ’ ಎಂಬಲ್ಲಿ ಮೊದಲು ಕೇಳಿಸುವ ರ್ ಧ್ವನಿಯ ಗುರುತು ಬರಹದಲ್ಲಿ ಯಕಾರದ ನಂತರ ಬರುತ್ತದೆ, ಅಂದರೆ ಕಿವಿಯ ಕ್ರಮವೂ ಕಣ್ಣಿನ ಕ್ರಮವೂ ಇಲ್ಲಿ ಬೇರೆ. ಎರಡನೆಯ ತರಗತಿಯ ಮಗು ಒತ್ತಕ್ಷರದಲ್ಲಿ ತಡವರಿಸಿದರೆ ಅದನ್ನು ದಡ್ಡತನವೆಂದು ತೀರ್ಮಾನಿಸುವ ಪೋಷಕರು, ಆ ವಯಸ್ಸಿಗೆ ಅದು ಸಹಜವಾದ ಘಟ್ಟವೆಂಬುದನ್ನು ತಿಳಿಯಬೇಕು.

ಕರ್ನಾಟಕದ ಸರ್ಕಾರಿ ಶಾಲೆಗಳ ‘ನಲಿ-ಕಲಿ’ ಈ ತೊಡಕಿಗೆ ಕೊಟ್ಟ ಉತ್ತರ ಜಾಣತನದ್ದು. ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದ ಶಿಕ್ಷಕರು 1995ರಲ್ಲಿ ಯುನಿಸೆಫ್ ನೆರವಿನಿಂದ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭಿಸಿದ ಈ ಪದ್ಧತಿ 2009–10ರಲ್ಲಿ ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳ ಆರಂಭಿಕ ತರಗತಿಗಳಿಗೆಲ್ಲ ವಿಸ್ತರಿಸಿತು. ಇದರಲ್ಲಿ ಅಕ್ಷರಗಳು ಅ, ಆ, ಇ, ಈ ಕ್ರಮದಲ್ಲಿ ಬರದೆ ರ, ಗ, ಸ, ದ, ಅ ಎಂದು ಆರಂಭವಾಗುತ್ತವೆ; ಐದೇ ಅಕ್ಷರ ಕಲಿತ ಮಗು ಸರ, ದರ, ಅರಸ, ಅಗಸ, ಗರಗಸ ಎಂಬ ಅರ್ಥವುಳ್ಳ ಪದಗಳನ್ನು ಆ ವಾರವೇ ಓದಬಲ್ಲದು. ಕಲಿಕಾ ಏಣಿಯ ಮೇಲೆ ಪ್ರತಿ ಮಗುವೂ ತನ್ನ ವೇಗದಲ್ಲಿ ಮೈಲಿಗಲ್ಲುಗಳನ್ನು ದಾಟುತ್ತದೆ. ಶಿಕ್ಷಕರ ಪೂರ್ಣ ಬೆಂಬಲದ ತಟ್ಟೆಯಿಂದ ಹೊರಟು, ಸಹಪಾಠಿಗಳ ಬೆಂಬಲದ ತಟ್ಟೆಗಳನ್ನು ಹಾದು, ಸ್ವಕಲಿಕೆಯ ತಟ್ಟೆಯವರೆಗೆ ಐದು ಗುಂಪುಗಳಲ್ಲಿ ಕುಳಿತು ಕೆಲಸ ಮಾಡುತ್ತದೆ. ಲಗಾಮು ದೊಡ್ಡವರ ಕೈಯಿಂದ ಮಗುವಿನ ಕೈಗೆ ಹಂತಹಂತವಾಗಿ ಸರಿಯಬೇಕೆಂಬ ತತ್ತ್ವವನ್ನು ಇಷ್ಟು ಸ್ಪಷ್ಟವಾಗಿ ನೆಲದ ಮೇಲೆಯೇ ಜೋಡಿಸಿಟ್ಟ ವ್ಯವಸ್ಥೆಗಳು ಅಪರೂಪ. ‘ಶಾಲೆಯಲ್ಲಿ ಬರೀ ಆಟ, ಅಆಇಈ ಕೂಡ ಸಾಲಾಗಿ ಬರುವುದಿಲ್ಲ’ ಎಂದು ದೂರುವ ತಂದೆತಾಯಂದಿರು ಮಗುವಿಗೆ ವರ್ಣಮಾಲೆಯ ಬದಲು ಅದು ಕಲಿತ ಅಕ್ಷರಗಳಿಂದಲೇ ಕಟ್ಟಿದ ಹೊಸ ಪದವೊಂದನ್ನು ಕೊಟ್ಟು ಓದಿಸಿ ನೋಡಬೇಕು. ಪದ್ಧತಿಯ ಯಶಸ್ಸು ಮಾತ್ರ ಕಾರ್ಡುಗಳು ಸಕಾಲಕ್ಕೆ ತಲುಪುವುದನ್ನೂ ಶಿಕ್ಷಕರ ತರಬೇತಿಯನ್ನೂ ಅವಲಂಬಿಸಿದೆ. ಅಂಕಿಅಂಶ ತುಂಬುವುದರಲ್ಲೇ ದಿನ ಕಳೆಯುವ ಶಿಕ್ಷಕರಿಂದ ಐದು ಗುಂಪುಗಳನ್ನು ನಿಭಾಯಿಸುವುದಾಗದು.

ಕೆಂಗೇರಿಯಲ್ಲಿ ಮನೆಯ ಭಾಷೆ ತೆಲುಗು, ಉರ್ದು, ತಮಿಳು ಅಥವಾ ಹಿಂದಿಯಾಗಿದ್ದು ಶಾಲೆಯ ಭಾಷೆ ಕನ್ನಡವೋ ಇಂಗ್ಲಿಷೋ ಆಗಿರುವ ಮಕ್ಕಳು ಹಲವರು. ಅವರ ಪೋಷಕರು ಬಾರದ ಇಂಗ್ಲಿಷಿನಲ್ಲಿ ಮಾತಾಡಿಸಲು ಹೆಣಗುವುದಕ್ಕಿಂತ ಚೆನ್ನಾಗಿ ಬಲ್ಲ ಭಾಷೆಯಲ್ಲಿ ಹೆಚ್ಚು ಮಾತಾಡುವುದು, ಕಥೆ ಹೇಳುವುದು ಮೇಲು. ಒಂದು ಭಾಷೆಯಲ್ಲಿ ಗಟ್ಟಿಯಾದ ಕಲ್ಪನೆಗಳು ಇನ್ನೊಂದಕ್ಕೆ ದಾಟುತ್ತವೆ.

ತರಗತಿಯ ಮಟ್ಟವಲ್ಲ, ಮಗುವಿನ ಮಟ್ಟ

2022ರ ‘ಅಸರ್’ ಸಮೀಕ್ಷೆ, ಅಂದರೆ ಮನೆಮನೆಗೆ ಹೋಗಿ ಮಕ್ಕಳ ಓದು ಮತ್ತು ಲೆಕ್ಕವನ್ನು ಪರೀಕ್ಷಿಸುವ ವಾರ್ಷಿಕ ಶೈಕ್ಷಣಿಕ ಸ್ಥಿತಿಗತಿ ವರದಿ, ಗ್ರಾಮೀಣ ಕರ್ನಾಟಕದ ಮೂರನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಪಠ್ಯ ಓದಬಲ್ಲವರು ಶೇ 8.6ರಷ್ಟೇ ಎಂದು ತೋರಿಸಿತು. 2018ರಲ್ಲಿ ಆ ಪ್ರಮಾಣ ಶೇ 19.2 ಆಗಿತ್ತು. ಕೋವಿಡ್ ಕಾಲದ ಬಾಗಿಲುಮುಚ್ಚಿದ ಶಾಲೆಗಳ ಪರಿಣಾಮವಿದು. ರಾಜ್ಯ ಸರ್ಕಾರ 2022–23ರಲ್ಲಿ ‘ಕಲಿಕಾ ಚೇತರಿಕೆ’ ಎಂಬ ಹೆಸರಿನಲ್ಲಿ ಕಲಿಕಾ ಹಾಳೆಗಳನ್ನು ಕೊಟ್ಟು, ಬಿಟ್ಟುಹೋದ ತರಗತಿಗಳ ಸಾಮರ್ಥ್ಯಗಳನ್ನು ಮೊದಲು ತುಂಬಲು ಯತ್ನಿಸಿತು. ಕೆಂಗೇರಿ ಆ ಸಮೀಕ್ಷೆಯ ವ್ಯಾಪ್ತಿಗೆ ಬರದಿದ್ದರೂ, ಐದನೆಯ ತರಗತಿಯಲ್ಲಿ ಕುಳಿತು ಎರಡನೆಯ ತರಗತಿಯ ಮಟ್ಟದಲ್ಲಿರುವ ಮಗು ಎಲ್ಲ ಊರಿನ ಶಾಲೆಯಲ್ಲೂ ಇದೆ.

ಅಂಥ ಮಗುವಿಗೆ ಯಾವುದು ನೆರವಾಗುತ್ತದೆ ಎಂಬುದಕ್ಕೆ ಭಾರತದಲ್ಲೇ ಗಟ್ಟಿಯಾದ ಪುರಾವೆ ಇದೆ. ಪ್ರಥಮ್ ಸಂಸ್ಥೆ 2001ರಿಂದ 2003ರ ನಡುವೆ ಮುಂಬೈ ಮತ್ತು ವಡೋದರಾದ ಶಾಲೆಗಳಲ್ಲಿ ನಡೆಸಿದ ‘ಬಾಲಸಖಿ’ ಕಾರ್ಯಕ್ರಮದಲ್ಲಿ, ಪ್ರೌಢಶಾಲೆ ಮುಗಿಸಿದ ಸ್ಥಳೀಯ ಯುವತಿಯರು ಅಲ್ಪಕಾಲದ ತರಬೇತಿ ಪಡೆದು, ಹಿಂದುಳಿದ 15–20 ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಪ್ರತ್ಯೇಕವಾಗಿ ಕೂರಿಸಿಕೊಂಡು ಅವರು ನಿಂತಲ್ಲಿಂದಲೇ ಓದು ಮತ್ತು ಲೆಕ್ಕ ಕಲಿಸಿದರು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಹೋದ್ಯೋಗಿಗಳು 2007ರಲ್ಲಿ ಪ್ರಕಟಿಸಿದ ಮೌಲ್ಯಮಾಪನದಲ್ಲಿ ಹೆಚ್ಚು ಲಾಭ ಪಡೆದವರು ತೀರ ಹಿಂದಿದ್ದ ಮಕ್ಕಳೇ. ಬ್ಯಾನರ್ಜಿ ಮತ್ತು ಡುಫ್ಲೊ ಅವರಿಗೆ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದಾಗ ಈ ಬಗೆಯ ಪ್ರಯೋಗಗಳು ಸುದ್ದಿಯಾದವು. ಟ್ಯೂಷನ್ ನಡೆಸುವವರು ಇದರಿಂದ ಕಲಿಯಬೇಕಾದದ್ದಿದೆ: ಶಾಲೆಯ ಮನೆಗೆಲಸವನ್ನೇ ಮತ್ತೆ ಮಾಡಿಸುವುದರಿಂದ ನೋಟ್‌ಬುಕ್ ತುಂಬುತ್ತದೆ, ಅಷ್ಟೇ. ಮೊದಲ ದಿನ ಒಂದು ಕಥೆಯ ಪ್ಯಾರಾ ಓದಿಸಿ, ಒಂದೆರಡು ಕಳೆಯುವ ಮತ್ತು ಭಾಗಿಸುವ ಲೆಕ್ಕ ಕೊಟ್ಟು ಮಗು ಎಲ್ಲಿ ನಿಂತಿದೆಯೆಂದು ಕಂಡುಕೊಂಡು, ತರಗತಿ ಯಾವುದೇ ಇರಲಿ ಅಲ್ಲಿಂದಲೇ ಹೊರಟು, ತಿಂಗಳಿಗೊಮ್ಮೆ ಗುಂಪು ಬದಲಿಸುವುದು ನಿಜವಾದ ಕೆಲಸ.

ನಲಿ-ಕಲಿಯಲ್ಲಿರುವಂತೆ ಮಕ್ಕಳು ಮಕ್ಕಳಿಗೆ ಕಲಿಸುವುದೂ ಕನ್ನಡನಾಡಿಗೆ ಹೊಸದಲ್ಲ. ಮದ್ರಾಸ್ ಗವರ್ನರ್ ಥಾಮಸ್ ಮನ್ರೋ ಆದೇಶದಂತೆ ನಡೆದ ಶಾಲಾ ಸಮೀಕ್ಷೆಗೆ ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಬೆಲ್ 1823ರ ಆಗಸ್ಟ್‌ನಲ್ಲಿ ಕಳಿಸಿದ ವರದಿಯಲ್ಲಿ ಆ ಜಿಲ್ಲೆಯ 533 ಶಾಲೆಗಳ, 6,641 ವಿದ್ಯಾರ್ಥಿಗಳ ಲೆಕ್ಕವಿದೆ. ಕನ್ನಡ ಮತ್ತು ತೆಲುಗಿನಲ್ಲಿ ನಡೆಯುತ್ತಿದ್ದ ಆ ಶಾಲೆಗಳಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದುದನ್ನೂ ಮುಂದಿನ ಹಂತದ ಹುಡುಗರು ಹಿಂದಿನವರಿಗೆ ಹೇಳಿಕೊಡುತ್ತಿದ್ದುದನ್ನೂ ಕ್ಯಾಂಬೆಲ್ ಮೆಚ್ಚಿ ಬರೆದು, ಇಂಗ್ಲೆಂಡ್ ಇದನ್ನು ಅನುಸರಿಸಿದ್ದು ಯೋಗ್ಯವೇ ಎಂದ. ಅದೇ ವರದಿಯಲ್ಲಿ ಆತ ಎತ್ತಿದ ಆಕ್ಷೇಪವೂ ಅಷ್ಟೇ ಮುಖ್ಯ: ಹುಡುಗರು ಹಳೆಯ ಗ್ರಂಥಭಾಷೆಯ ಪದ್ಯಗಳನ್ನು ಒಂದಕ್ಷರ ತಪ್ಪದೆ ಒಪ್ಪಿಸುತ್ತಿದ್ದರು, ಆದರೆ ಅವುಗಳ ಅರ್ಥ ಅವರಿಗೂ ತಿಳಿದಿರಲಿಲ್ಲ, ಎಷ್ಟೋ ಸಲ ಕಲಿಸುವವರಿಗೂ ತಿಳಿದಿರಲಿಲ್ಲ. ಒಪ್ಪಿಸುವುದು ಬೇರೆ, ತಿಳಿದು ನೆನಪಿಸಿಕೊಳ್ಳುವುದು ಬೇರೆ ಎಂಬ ಈಗಿನ ಸಂಶೋಧನೆಯ ಮಾತು ಇನ್ನೂರು ವರ್ಷಗಳ ಹಿಂದೆ ಬಳ್ಳಾರಿಯ ಜಗಲಿಗಳ ಮೇಲೆಯೇ ಕಣ್ಣಿಗೆ ಬಿದ್ದಿತ್ತು.

ಶಿಕ್ಷಕರಿಗೆ ಖರ್ಚಿಲ್ಲದ ಇನ್ನೊಂದು ಸಲಹೆ ಅಮೆರಿಕದ ಮೇರಿ ಬಡ್ ರೋ ಅವರದು. 1970ರ ದಶಕದ ಅವರ ಅಧ್ಯಯನಗಳ ಪ್ರಕಾರ ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಸರಾಸರಿ ಒಂದು ಸೆಕೆಂಡು ಮಾತ್ರ ಕಾಯುತ್ತಾರೆ; ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಹಲವು ಪಟ್ಟು ಉದ್ದವಾದವು, ಸುಮ್ಮನಿರುತ್ತಿದ್ದ ಮಕ್ಕಳೂ ಬಾಯಿಬಿಟ್ಟರು. ಐವತ್ತು ಮಕ್ಕಳ ತರಗತಿಯಲ್ಲಿ ಮೂರು ಸೆಕೆಂಡಿನ ಮೌನ ದೀರ್ಘವೆನಿಸುತ್ತದೆ. ಅಭ್ಯಾಸವಾಗಲು ಕೆಲವು ವಾರ ಬೇಕು.

ಎಸ್ಸೆಸ್ಸೆಲ್ಸಿಯಿಂದ ಎಂಜಿನಿಯರಿಂಗ್‌ವರೆಗೆ

ಹದಿಹರೆಯದಲ್ಲಿ ಲಗಾಮು ವಿದ್ಯಾರ್ಥಿಯ ಕೈಗೆ ಬರುತ್ತದೆ, ಮತ್ತು ‘ಚೆನ್ನಾಗಿ ಬರುತ್ತಿದೆ’ ಎಂಬ ಭ್ರಮೆ ಹೆಚ್ಚು ಹಾನಿ ಮಾಡುವುದೂ ಆಗಲೇ. ಗಣಿತದ ಪಠ್ಯದಲ್ಲಿ ಒಂದು ಅಭ್ಯಾಸದ ಲೆಕ್ಕಗಳೆಲ್ಲ ಒಂದೇ ಬಗೆಯವು; ಮೊದಲ ಎರಡನ್ನು ಬಿಡಿಸಿದವರಿಗೆ ಉಳಿದ ಹತ್ತು ಹೆಚ್ಚು ಯೋಚಿಸದೆಯೇ ಬರುತ್ತವೆ. ಫ್ಲಾರಿಡಾದ ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ 2007ರಲ್ಲಿ ಘನಾಕೃತಿಗಳ ಗಾತ್ರ ಕಂಡುಹಿಡಿಯುವ ಲೆಕ್ಕಗಳನ್ನು ಒಂದು ಗುಂಪಿಗೆ ಬಗೆಬಗೆಯಾಗಿ ವಿಂಗಡಿಸಿಯೂ ಇನ್ನೊಂದಕ್ಕೆ ಬೆರೆಸಿಯೂ ಕೊಟ್ಟರು. ಅಭ್ಯಾಸದ ಹೊತ್ತಿನಲ್ಲಿ ಮೊದಲ ಗುಂಪು ಶೇ 89ರಷ್ಟು ಸರಿ ಉತ್ತರ ಕೊಟ್ಟರೆ ಬೆರಕೆಯ ಗುಂಪು ಶೇ 60ರಲ್ಲಿತ್ತು. ವಾರದ ನಂತರ ಮೊದಲ ಗುಂಪು ಶೇ 20ಕ್ಕೆ ಕುಸಿಯಿತು, ಬೆರಕೆಯ ಗುಂಪು ಶೇ 63ರಲ್ಲಿ ನಿಂತಿತು. ಪರೀಕ್ಷೆಯಲ್ಲಿ ಮೊದಲ ಕಷ್ಟ ಸೂತ್ರ ಹಾಕುವುದಲ್ಲ, ಯಾವ ಸೂತ್ರವೆಂದು ಗುರುತಿಸುವುದು; ಬೆರಕೆ ಅಭ್ಯಾಸ ಕಲಿಸುವುದು ಅದನ್ನೇ. ಹತ್ತನೆಯ ತರಗತಿಯ ವಿದ್ಯಾರ್ಥಿ ಮೂರು ಅಧ್ಯಾಯಗಳು ಮುಗಿದ ಮೇಲೆ ಪ್ರತಿ ಅಧ್ಯಾಯದಿಂದ ಎರಡೆರಡು ಲೆಕ್ಕಗಳನ್ನು ಚೀಟಿಯಲ್ಲಿ ಬರೆದು, ಕಲಸಿ, ಬಂದದ್ದನ್ನು ಬಿಡಿಸಿದರೆ ಸಾಕು. ಮೊದಮೊದಲು ಅಂಕ ಇಳಿಯುತ್ತದೆ, ಪೋಷಕರು ಗಾಬರಿಯಾಗಬಾರದು.

ಕಾಲೇಜಿನ ಉಪನ್ಯಾಸಕ್ಕೂ ಇದೇ ಗತಿ. ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು 2014ರಲ್ಲಿ ವಿಜ್ಞಾನ, ಎಂಜಿನಿಯರಿಂಗ್ ಮತ್ತು ಗಣಿತದ 225 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಬರೀ ಉಪನ್ಯಾಸದ ತರಗತಿಗಳಲ್ಲಿ ಅನುತ್ತೀರ್ಣರು ಶೇ 33.8ರಷ್ಟಿದ್ದರೆ, ವಿದ್ಯಾರ್ಥಿಗಳೇ ಚರ್ಚಿಸಿ ಬಿಡಿಸುವ ಸಕ್ರಿಯ ತರಗತಿಗಳಲ್ಲಿ ಶೇ 21.8ರಷ್ಟಿದ್ದರು. ಹಾರ್ವರ್ಡ್‌ನಲ್ಲಿ ಲೂಯಿಸ್ ಡೆಲೋರಿಯೆ ಮತ್ತು ಸಹೋದ್ಯೋಗಿಗಳು 2019ರಲ್ಲಿ ಭೌತವಿಜ್ಞಾನದ ತರಗತಿಯಲ್ಲಿ ಕಂಡದ್ದು ಇನ್ನೂ ಕುತೂಹಲದ್ದು: ಸಕ್ರಿಯ ತರಗತಿಯವರು ಹೆಚ್ಚು ಕಲಿತಿದ್ದರು, ಆದರೆ ತಾವು ಕಡಿಮೆ ಕಲಿತೆವೆಂದು ಹೇಳಿದರು, ನಿರರ್ಗಳ ಉಪನ್ಯಾಸ ಕೇಳಿದವರಿಗೆ ಎಲ್ಲ ತಿಳಿದಂತೆ ಅನಿಸಿತ್ತು. ವರ್ಷದ ಕೊನೆಯಲ್ಲಿ ವಿದ್ಯಾರ್ಥಿಗಳಿಂದ ತುಂಬಿಸಿಕೊಳ್ಳುವ ಅಭಿಪ್ರಾಯ ಪತ್ರವೊಂದನ್ನೇ ನಂಬಿ ಬೋಧನೆಯನ್ನು ಅಳೆಯುವ ಆಡಳಿತ ಮಂಡಳಿಗಳು ಇದನ್ನು ಗಮನಿಸುವುದು ಲೇಸು. ಮೈಸೂರು ರಸ್ತೆಯ ಕಾಲೇಜುಗಳ ಅಧ್ಯಾಪಕರು ಐವತ್ತು ನಿಮಿಷದ ಅವಧಿಯಲ್ಲಿ ಎರಡು ಕಡೆ ನಿಲ್ಲಿಸಿ ಒಂದು ಪ್ರಶ್ನೆ ಹಾಕಿ, ವಿದ್ಯಾರ್ಥಿಗಳಿಂದ ಮೊದಲು ಒಬ್ಬೊಬ್ಬರಾಗಿ ಉತ್ತರ ಬರೆಸಿ, ಆ ಮೇಲೆ ಪಕ್ಕದವರೊಂದಿಗೆ ವಾದಿಸಲು ಬಿಟ್ಟರೆ ಪಠ್ಯಕ್ರಮ ಮುಗಿಯದೆ ಉಳಿಯುವುದಿಲ್ಲ. ಕೆಂಗೇರಿಯವರೆಗೆ ಮೆಟ್ರೊ 2021ರ ಆಗಸ್ಟ್‌ನಲ್ಲಿ ಬಂದ ಮೇಲೆ ನಿತ್ಯ ಪಯಣಿಸುವ ವಿದ್ಯಾರ್ಥಿಗಳು ಆ ಹೊತ್ತಿನಲ್ಲಿ ಹಿಂದಿನ ದಿನದ ಪಾಠದ ಐದು ಅಂಶಗಳನ್ನು ನೋಟ್ಸ್ ತೆರೆಯದೆ ನೆನಪಿಸಿಕೊಳ್ಳಬಹುದು.

ನಿದ್ದೆಯ ಮಾತನ್ನೂ ಇಲ್ಲೇ ಹೇಳಬೇಕು. ಅಮೆರಿಕದ ನಿದ್ರಾ ವೈದ್ಯಕೀಯ ಅಕಾಡೆಮಿ 2016ರಲ್ಲಿ 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆಯ ನಿದ್ದೆಯನ್ನು ಸೂಚಿಸಿದೆ; ಕಲಿತದ್ದು ಗಟ್ಟಿಯಾಗುವುದರಲ್ಲಿ ನಿದ್ದೆಯ ಪಾತ್ರ ದೊಡ್ಡದು. ಬೆಳಗಿನ ಐದಕ್ಕೆ ಕೋಚಿಂಗ್‌ಗೆ ಎಬ್ಬಿಸಿ ರಾತ್ರಿ ಹನ್ನೊಂದರವರೆಗೆ ಕೂರಿಸುವ ವೇಳಾಪಟ್ಟಿ ಓದಿನ ಗಂಟೆಗಳನ್ನು ಕೂಡಿಸಿ, ಓದಿನ ಫಲವನ್ನು ಕಳೆಯುತ್ತದೆ.

ದೊಡ್ಡವರ ಕಲಿಕೆ

ವಯಸ್ಸಾದ ಮೇಲೆ ಭಾಷೆ ಬರುವುದಿಲ್ಲವೆಂಬ ನಂಬಿಕೆ ಅರ್ಧ ಮಾತ್ರ ನಿಜ. ನೆದರ್ಲೆಂಡ್ಸ್‌ಗೆ ವಲಸೆ ಬಂದ ಇಂಗ್ಲಿಷ್ ಭಾಷಿಕರು ಡಚ್ ಕಲಿತ ಬಗೆಯನ್ನು ಕ್ಯಾಥರಿನ್ ಸ್ನೋ ಮತ್ತು ಮರಿಯಾನ್ ಹೂಫ್‌ನಾಗಲ್-ಹೋಲೆ ಅಧ್ಯಯನ ಮಾಡಿ 1978ರಲ್ಲಿ ಪ್ರಕಟಿಸಿದಾಗ, ಮೊದಲ ತಿಂಗಳುಗಳಲ್ಲಿ ವೇಗವಾಗಿ ಮುಂದುವರಿದವರು ಹದಿಹರೆಯದವರು ಮತ್ತು ವಯಸ್ಕರು. ಮೂರರಿಂದ ಐದು ವರ್ಷದ ಮಕ್ಕಳು ಹಿಂದಿದ್ದರು. ಉಚ್ಚಾರಣೆಯಂಥ ವಿಷಯಗಳಲ್ಲಿ ಮಕ್ಕಳು ಕ್ರಮೇಣ ಮುಂದೆ ಹೋಗುತ್ತಾರೆ, ನಿಜ. ಹಾಗಾಗಿ ಕೆಂಗೇರಿಗೆ ಬಂದು ನೆಲೆಸಿದ ಹೊರನಾಡಿನವರು ಕನ್ನಡ ಕಲಿಯಲು ‘ವಯಸ್ಸು ಮೀರಿತು’ ಎನ್ನುವುದಕ್ಕೆ ಆಧಾರವಿಲ್ಲ. ಆ್ಯಪಿನಲ್ಲಿ ಮುನ್ನೂರು ಪದ ಓದುವುದಕ್ಕಿಂತ, ತರಕಾರಿ ಅಂಗಡಿಯಲ್ಲಿ ಬೇಕಾಗುವ ಹತ್ತು ವಾಕ್ಯಗಳನ್ನು ತಮ್ಮ ಲಿಪಿಯಲ್ಲೇ ಬರೆದುಕೊಂಡು, ಚೀಟಿ ನೋಡದೆ ಹೇಳಿ, ತಪ್ಪಿದ್ದನ್ನು ಅಂಗಡಿಯವರಿಂದಲೇ ತಿದ್ದಿಸಿಕೊಳ್ಳುವುದು ಬೇಗ ದಡ ಸೇರಿಸುತ್ತದೆ. ಕೇಳಿದವರು ಕೂಡಲೇ ಹಿಂದಿಗೋ ಇಂಗ್ಲಿಷಿಗೋ ಹೊರಳದೆ ಮೂರು ಸೆಕೆಂಡು ಕಾಯುವ ಸೌಜನ್ಯವೂ ಬೇಕು.

ಶಾಲೆಯ ಮೆಟ್ಟಿಲು ಹತ್ತದ ವಯಸ್ಕರಿಗಾಗಿ ಕೇಂದ್ರ ಸರ್ಕಾರದ ‘ಉಲ್ಲಾಸ್’ ಕಾರ್ಯಕ್ರಮ 2022ರಿಂದ 2027ರ ಅವಧಿಗೆ ಜಾರಿಯಲ್ಲಿದ್ದು, 15 ವರ್ಷ ದಾಟಿದವರಿಗೆ ಸ್ವಯಂಸೇವಕರ ಮೂಲಕ ಓದುಬರಹ ಕಲಿಸುತ್ತದೆ. ವಯಸ್ಕರ ಶಿಕ್ಷಣದ ಕುರಿತು ಬರೆದ ಅಮೆರಿಕದ ಮಾಲ್ಕಮ್ ನೋಲ್ಸ್ ಒತ್ತಿ ಹೇಳಿದ್ದೆಂದರೆ, ದೊಡ್ಡವರು ‘ಮುಂದೆಂದೋ ಬೇಕಾಗುತ್ತದೆ’ ಎಂಬ ಕಾರಣಕ್ಕೆ ಕಲಿಯುವುದಿಲ್ಲ, ಇಂದಿನ ಅಗತ್ಯಕ್ಕೆ ಕಲಿಯುತ್ತಾರೆ. 2023ರ ಜೂನ್‌ನಲ್ಲಿ ಮಹಿಳೆಯರಿಗೆ ಉಚಿತ ಬಸ್ ಪಯಣದ ‘ಶಕ್ತಿ’ ಯೋಜನೆ ಬಂದ ಮೇಲೆ ಒಬ್ಬರೇ ಪಯಣಿಸಲು ತೊಡಗಿದ ಮಹಿಳೆಗೆ ಮೊದಲ ಪಾಠ ‘ಅ’ ಅಲ್ಲ, ಕೆಂಗೇರಿ ಬಸ್ ನಿಲ್ದಾಣದ ಬೋರ್ಡುಗಳಾಗಬಹುದು. ಮಾರ್ಗದ ಸಂಖ್ಯೆ, ಊರಿನ ಹೆಸರು, ಆಮೇಲೆ ಬ್ಯಾಂಕಿನ ಚಲನ್. ಅಂಥ ಕಲಿಯುವವರಿಗೆ ಮಕ್ಕಳ ಪಠ್ಯದ ಚಿತ್ರಗಳನ್ನು ಕೊಡುವುದು ಅವಮಾನವೆನಿಸುತ್ತದೆಂಬುದನ್ನು ಸ್ವಯಂಸೇವಕರು ಮರೆಯಬಾರದು.

ಇನ್ನು ಹಿರಿಯರು. ಜೋಶುವಾ ಹಾರ್ಟ್ಸ್‌ಹಾರ್ನ್ ಮತ್ತು ಲಾರಾ ಜರ್ಮಿನ್ 2015ರಲ್ಲಿ ತೋರಿಸಿದಂತೆ, ಮನಸ್ಸಿನ ಶಕ್ತಿಗಳೆಲ್ಲ ಒಂದೇ ವಯಸ್ಸಿನಲ್ಲಿ ಏರಿ ಇಳಿಯುವುದಿಲ್ಲ. ಮಾಹಿತಿಯನ್ನು ಸಂಸ್ಕರಿಸುವ ವೇಗ ಹದಿನೆಂಟು ಹತ್ತೊಂಬತ್ತರ ಹೊತ್ತಿಗೇ ತುದಿ ಮುಟ್ಟಿದರೆ, ಪದಸಂಪತ್ತು ಅರವತ್ತರ ದಶಕದವರೆಗೂ ಬೆಳೆಯುತ್ತದೆ. ಅವರಿಗೆ ಮೊಬೈಲಿನಲ್ಲಿ ಹಣ ಕಳಿಸುವುದನ್ನು ಕಲಿಸುವ ಮೊಮ್ಮಕ್ಕಳು ಬೆರಳನ್ನು ತಾವೇ ಒತ್ತಿ ‘ನೋಡಿ ತಾತಾ, ಇಷ್ಟೇ’ ಎಂದು ಮುಗಿಸುವುದು ಅತ್ಯಂತ ನಿಷ್ಫಲ ವಿಧಾನ. ಫೋನನ್ನು ಹಿರಿಯರ ಕೈಯಲ್ಲೇ ಬಿಟ್ಟು, ಹೆಜ್ಜೆಗಳನ್ನು ಅವರಿಂದಲೇ ಬರೆಸಿ, ಮರುದಿನ ಚೀಟಿಯಿಲ್ಲದೆ ಮಾಡಿಸಿ, ವಾರ ಬಿಟ್ಟು ಮತ್ತೊಮ್ಮೆ ಮಾಡಿಸಬೇಕು. ಗಡಿಬಿಡಿ ಮಾಡಬಾರದು.

ನೆನಪಿನ ಶಕ್ತಿ ಹೆಚ್ಚಿಸುತ್ತವೆಂದು ಮಾರುವ ಮೊಬೈಲ್ ಆಟಗಳ ಬಗ್ಗೆ ಎಚ್ಚರ ಅಗತ್ಯ. 2016ರಲ್ಲಿ ಅಮೆರಿಕದ ವ್ಯಾಪಾರ ನಿಯಂತ್ರಣ ಆಯೋಗ ‘ಲ್ಯುಮಾಸಿಟಿ’ ಎಂಬ ಆಟದ ಕಂಪನಿಯ ಮೇಲೆ ಆಧಾರವಿಲ್ಲದ ಜಾಹೀರಾತಿನ ಆರೋಪ ಹೊರಿಸಿದಾಗ, ಕಂಪನಿ 20 ಲಕ್ಷ ಡಾಲರ್ ತೆತ್ತು ಪ್ರಕರಣ ಇತ್ಯರ್ಥ ಮಾಡಿಕೊಂಡಿತು. ಅದೇ ವರ್ಷ ಡೇನಿಯಲ್ ಸೈಮನ್ಸ್ ಮತ್ತು ಇತರರ ಪರಿಶೀಲನೆ, ಇಂಥ ಆಟ ಆಡಿದವರು ಆ ಆಟದಲ್ಲಿ ನಿಪುಣರಾಗುತ್ತಾರೆಯೇ ಹೊರತು ಅದು ದಿನಬಳಕೆಯ ಬುದ್ಧಿಗೆ ದಾಟುವುದಕ್ಕೆ ಪುರಾವೆ ತೀರ ಕಡಿಮೆ ಎಂದಿತು. ಫಲ ಕೊಟ್ಟದ್ದು ಬೇರೆಯದೇ. ಟೆಕ್ಸಸ್‌ನ ಡೆನಿಸ್ ಪಾರ್ಕ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 60ರಿಂದ 90 ವರ್ಷದ ಹಿರಿಯರಲ್ಲಿ ಕೆಲವರು ಮೂರು ತಿಂಗಳ ಕಾಲ, ವಾರಕ್ಕೆ ಹದಿನೈದಕ್ಕೂ ಹೆಚ್ಚು ಗಂಟೆ, ತಮಗೆ ಗೊತ್ತಿಲ್ಲದ ಕೆಲಸವೊಂದನ್ನು, ಅಂದರೆ ಡಿಜಿಟಲ್ ಫೋಟೊಗ್ರಫಿಯನ್ನೋ ನಮ್ಮ ಕೌದಿಯಂಥ ತೇಪೆ ಹೊಲಿಗೆಯನ್ನೋ ಕಲಿತರು. ಅವರ ನೆನಪಿನಲ್ಲಿ ಸುಧಾರಣೆ ಕಂಡಿತು. ಅಷ್ಟೇ ಹೊತ್ತು ಒಟ್ಟಿಗೆ ಸೇರಿ ಮಾತುಕತೆ, ವಿಹಾರಗಳಲ್ಲಿ ಕಳೆದ ಗುಂಪಿಗೆ ಆ ಲಾಭ ಸಿಗಲಿಲ್ಲ. ಆದ್ದರಿಂದ ಹಿರಿಯರ ಸಂಘಗಳು ಬೇಸಿಗೆ ಶಿಬಿರದಂತೆ ವಾರದಲ್ಲಿ ಮುಗಿಯುವ ತರಗತಿಗಳನ್ನು ಏರ್ಪಡಿಸುವ ಬದಲು, ತಿಂಗಳುಗಟ್ಟಲೆ ಸಾಗುವ, ಪ್ರತಿ ವಾರ ಹಿಂದಿನದಕ್ಕಿಂತ ತುಸು ಕಷ್ಟವಾಗುವ ಒಂದೇ ವಿದ್ಯೆಯನ್ನು ಆರಿಸಿಕೊಳ್ಳಬೇಕು. ಈಗಾಗಲೇ ಕೌದಿ ಹೊಲಿಯಬಲ್ಲವರು ಕ್ಯಾಮೆರಾ ಹಿಡಿಯಬೇಕು, ಕ್ಯಾಮೆರಾ ಬಲ್ಲವರು ಸೂಜಿ.